ಹುಲಿಗೆ ಕಣ್ಣು ಕೊನೆಗೆ

ಮದುವೆಮನೆಯಲ್ಲಿ ಎಲ್ಲರೂ ಮದುಮಗಳ ಮುಖ ನೋಡಿದರೆ, ಬನ್ನಂಜೆಯ ಕುಶಲಕ್ಕ ಅವಳ ರವಿಕೆಯ ಬೆನ್ನಿನ ಕಸೂತಿ ನೋಡುತ್ತಾರೆ. "ಪಾಪ, ನವಿಲನ್ನು ಬಾಲದಿಂದ ಶುರು ಮಾಡಿದ್ದಾರೆ" ಎನ್ನುತ್ತಾರೆ.

ಅವರ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ ಇದೆ. ಬಟ್ಟೆ ಬಿಗಿಯುವ ಫ್ರೇಮು ಊಟದ ತಟ್ಟೆಯಷ್ಟು. ಚಿತ್ರ ಅದಕ್ಕಿಂತ ದೊಡ್ಡದಾದರೆ ಫ್ರೇಮು ಸರಿಸುತ್ತ ತುಂಡು ತುಂಡಾಗಿ ಹೊಲಿಯಬೇಕು. ನಡುವಿನಿಂದ ಹೊರಟು ಅಂಚಿಗೆ ಹೋಗುವುದು ಕುಶಲಕ್ಕನ ಕ್ರಮ. ಅಂಚಿನಿಂದ ಒಳಗೆ ಬಂದರೆ ಬಟ್ಟೆಯ ಸಡಿಲವೆಲ್ಲ ನಡುವೆ ಸೇರಿ ಉಬ್ಬಿಕೊಳ್ಳುತ್ತದೆ.

ಕಾಪುವಿನ ಕರುಣಾಕರ ಮಣ್ಣಿನ ಗಣಪತಿ ಮಾಡುವವರು. ಮಗನ ಹುಲಿವೇಷದ ತಂಡಕ್ಕೆ ಬ್ಯಾನರ್ ಬೇಕೆಂದು ಕಪ್ಪು ವೆಲ್ವೆಟ್ ಹಿಡಿದು ಬಂದರು. ಅದರ ಮೇಲೆ ಬೇಕಾದ ಚಿತ್ರ, ಸುರುಳಿ ಸುತ್ತಿ ಕೂತ ಹುಲಿ, ನಟ್ಟನಡುವೆ ಮುಖ.

"ಒಂದೇ ಮಾತು ಕುಶಲಾ, ಕಣ್ಣು ಕೊನೆಗೆ."

"ನಾನು ಮುಖವನ್ನೇ ಮೊದಲು ಹೊಲಿಯುವುದು ಕರುಣಾಕರಣ್ಣ. ಕಣ್ಣು ಮುಖದಲ್ಲೇ ಅಲ್ವಾ ಇರುವುದು?"

"ಅರ್ಧ ಮೈಗೆ ಕಣ್ಣು ಕೊಟ್ಟರೆ ಅದು ನೋಡ್ತಾ ಕೂತ್ಕೊಳ್ತದೆ. ಕೆಲಸ ಮಾಡ್ಲಿಕ್ಕೆ ಆಗುವುದಿಲ್ಲ."

ಕುಶಲಕ್ಕ ನಕ್ಕು ಒಪ್ಪಿಕೊಂಡರು. ಆದರೆ ವೆಲ್ವೆಟ್ ಕ್ಷಮಿಸುವ ಬಟ್ಟೆಯಲ್ಲ. ಬಿಚ್ಚಿದರೆ ಸೂಜಿಯ ತೂತು ಉಳಿಯುತ್ತದೆ. ಕೊನೆಗೆ ಮುಖಕ್ಕೆ ಮತ್ತೆ ಫ್ರೇಮು ಇಡುವಾಗ ಕಣ್ಣು ಕೂದಲೆಳೆಯಷ್ಟು ಜಾರಿದರೂ ಹುಲಿಗೆ ಮೆಳ್ಳೆಗಣ್ಣು, ಇಡೀ ಬ್ಯಾನರ್ ಹಾಳು.

ವೆಲ್ವೆಟ್ಟಿನ ಮೇಲೆ ಫ್ರೇಮಿನ ಗುರುತು ಬೀಳಬಾರದೆಂದು ಬಟ್ಟೆಯ ಅಡಿಗಿಡುವ ಕಾಗದವನ್ನಷ್ಟೇ ಫ್ರೇಮಿಗೆ ಬಿಗಿದು, ಬಟ್ಟೆಯನ್ನು ಅದರ ಮೇಲೆ ಅಂಟಿಸಿದರು. ಮೂತಿ, ಹಣೆ ಹೊಲಿದರು. ಕಣ್ಣಿನ ಜಾಗ ಎರಡನ್ನೂ ಖಾಲಿ ಬಿಟ್ಟು, ತಲಾ ಒಂದು ಬಿಳಿ ನೂಲಿನ ಕತ್ತರಿ ಗುರುತು ಹಾಕಿದರು. ಆಮೇಲೆ ಮೈ, ಪಟ್ಟೆ, ಪಂಜ, ಬಾಲ.

ಕೊನೆಗೆ ಮತ್ತೆ ಮುಖಕ್ಕೆ ಫ್ರೇಮು ಇಟ್ಟು ಸೂಜಿ ಇಳಿಸಿ ನೋಡಿದರು. ಎಡಗಣ್ಣಿನ ಗುರುತಿಗೆ ಸರಿಯಾಗಿ ಕೂತಿತು. ಬಲಗಣ್ಣಿನಲ್ಲಿ ಅಕ್ಕಿಕಾಳಿನಷ್ಟು ಆಚೆ. ಅಷ್ಟು ಪಟ್ಟೆಗಳು ಸೇರಿ ಬಟ್ಟೆಯನ್ನು ಎಳೆದುಕೊಂಡಿದ್ದವು.

ಚಹಾ ತಂದ ಗಂಡ ಬಗ್ಗಿ ನೋಡಿದರು. "ಇಷ್ಟೇ ಅಲ್ವಾ? ಯಾರು ನೋಡ್ತಾರೆ?"

"ಹುಲಿ ನೋಡ್ತದೆ."

ಕಂಪ್ಯೂಟರಿನಲ್ಲಿ ಜೋಡಿಯಾಗಿದ್ದ ಕಣ್ಣುಗಳನ್ನು ಬೇರೆ ಬೇರೆ ಮಾಡಿದರು. ಎಡದ್ದನ್ನು ಹೊಲಿದು, ಬಲದ್ದಕ್ಕೆ ಫ್ರೇಮು ಬಿಚ್ಚಿ ಹೊಸದಾಗಿ ಬಿಗಿದು, ಸೂಜಿಯ ತುದಿ ಗುರುತಿನ ನಡುವೆ ನಿಲ್ಲುವ ತನಕ ಬಟ್ಟೆಯನ್ನು ಬೆರಳಿನಿಂದ ನೂಕುತ್ತ ಕೂತರು. ಚಹಾ ಆರಿತು. ಆಮೇಲೆ ಮೆಷಿನ್ನಿನ ಗುಂಡಿ ಒತ್ತಿ ಮುಖ ತಿರುಗಿಸಿಕೊಂಡರು. ಸದ್ದು ನಿಂತ ಮೇಲೆಯೇ ತಿರುಗಿದ್ದು.

ಮರುದಿನ ಕರುಣಾಕರ ಬ್ಯಾನರನ್ನು ಗೋಡೆಗೆ ತೂಗಿಸಿ, ಕಿಟಕಿಯ ಬಳಿಯಿಂದ ನೋಡಿದರು, ಬಾಗಿಲಿನಿಂದ ನೋಡಿದರು.

"ಎಂತ ಮಾರಾಯ್ತಿ, ಎಲ್ಲಿ ನಿಂತರೂ ನನ್ನನ್ನೇ ನೋಡ್ತಾ ಉಂಟಲ್ಲ."

ಅವರು ಆ ಕಡೆ ಸರಿದ ಮೇಲೆ ಕುಶಲಕ್ಕ ತಾವೂ ಬಾಗಿಲಿಗೆ ಹೋಗಿ, ಒಮ್ಮೆ ಹುಲಿಯತ್ತ ತಿರುಗಿ ನೋಡಿದರು.