ಹೆಸರಿಲ್ಲದ ಒಡಪು

ಮೊಬೈಲಿನಲ್ಲಿ ಸಾಹಿತ್ಯ ಕಲಿಸುತ್ತೀರಂತೆ, ನಾಚಿಕೆಯಾಗುವುದಿಲ್ಲವೇ ಎಂದು ಕೇಳುವವರಿಗೆ ನನ್ನದು ಒಂದೇ ಉತ್ತರ: ಆಗುವುದಿಲ್ಲ. ಗೈಡ್ ನೋಡಿ ಬರೆಸಿದ ನೋಟ್ಸನ್ನು ಮಕ್ಕಳು ಗಿಳಿಪಾಠ ಒಪ್ಪಿಸುತ್ತಿದ್ದಾಗ ಯಾರಿಗೂ ನಾಚಿಕೆಯಾಗಿರಲಿಲ್ಲ. ಈಗ ನನಗ್ಯಾಕೆ?

ಬೀದರಿನ ಮೈಲೂರಲ್ಲಿ ನನ್ನ ಮನೆ. ಬೆಳಗಿನ ಬಸ್ಸು ಹಿಡಿದು ಔರಾದಿನ ಕಾಲೇಜಿಗೆ ಕನ್ನಡ ಕಲಿಸಲು ಹೋಗುತ್ತೇನೆ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಹುಡುಗಿಯರು ನೆಲ ನೋಡುತ್ತಾರೆ. ಬಾಯಿ ಬಿಟ್ಟರೆ ಪುಸ್ತಕದ ಕನ್ನಡವೇ ಬರಬೇಕೆಂಬ ಹೆದರಿಕೆ. ಗಂಟೆ ಹೊಡೆದ ಮೇಲೆ ಅವರೇ ಕಟ್ಟೆಯ ಮೇಲೆ ಕೂತು ಅರಳು ಹುರಿದಂತೆ ಮಾತಾಡುತ್ತಾರೆ. ನನಗೆ ಆ ಮಾತು ಬೇಕಿತ್ತು. ವಾಟ್ಸಾಪಿನಲ್ಲಿ ಗ್ರೂಪ್ ಮಾಡಿ, ಪಾಠದಲ್ಲಿ ಬರುವವರ ಮನಸ್ಸನ್ನು ನಿಮ್ಮ ಮನೆಮಾತಿನಲ್ಲಿ ಹೇಳಿ, ದನಿ ರೆಕಾರ್ಡ್ ಮಾಡಿ ಹಾಕಿ ಎಂದೆ.

ಆಗ ನಡೆಯುತ್ತಿದ್ದದ್ದು ಒಂದು ಹಳಗನ್ನಡ ಪದ್ಯ. ಮಂದಿಯ ಮಾತು ಕೇಳಿ ಅರಸ ರಾಣಿಯನ್ನು ಹೊರಹಾಕುತ್ತಾನೆ. "ಈ ರಾಣಿಗೆ ಒಡಪು ಹೇಳು ಅಂದ್ರ ಏನು ಹೇಳ್ತಾಳ?" ಎಂದು ಕೇಳಿದೆ. ನಮ್ಮ ಕಡೆ ಮದುವೆಯಾದ ಹೆಂಗಸು ಗಂಡನ ಹೆಸರನ್ನು ಹಾಗೇ ಉಸುರುವಂತಿಲ್ಲ. ಮದುವೆ, ತೊಟ್ಟಿಲು ಎಂದರೆ ಹೊಸ್ತಿಲಲ್ಲಿ ಅಡ್ಡಗಟ್ಟಿ "ಹೆಸರು ಹೇಳು" ಎಂದು ಕಾಡುತ್ತಾರೆ. ಪ್ರಾಸ ಕಟ್ಟಿ, ಅದರೊಳಗೆ ಅವನ ಹೆಸರು ಸೇರಿಸಿ ಹೇಳಿದರೇ ಒಳಗೆ ಬಿಡುವುದು.

ಅಲ್ಲಿವರೆಗೆ ತುಟಿ ಬಿಚ್ಚದಿದ್ದ ಚಿಂತಾಕಿಯ ಕುರಿ ಸಾಕುವವರ ಮನೆಯ ಹುಡುಗಿ ಅಂದು ಸಂಜೆ ಹಾಕಿದಳು:

"ಕರಿ ಕಂಬಳಿ ಮ್ಯಾಗ ಬಿಳಿ ಜ್ವಾಳದ ರಾಶಿ,
ಹೊರಗ ಹಾಕಿದವನ ಹೆಸರು ಹೇಳಾಕ ನಾನೇನು ದಾಸಿ?"

ಅಬ್ಬಾ! ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇಡೀ ಪದ್ಯ ಅವಳ ಕೈಗೆ ಸಿಕ್ಕಿತ್ತು.

ಆದರೆ ಮನೆಗೆಲ್ಲ ಇದ್ದದ್ದು ಅಪ್ಪನ ಫೋನೊಂದೇ. ಹುಡುಗಿ ಹುರುಪಿನಲ್ಲಿ ಅದನ್ನು ಗ್ರೂಪಿಗೂ ಹಾಕಿದ್ದಳು, ಅಪ್ಪನ ಸ್ಟೇಟಸ್ಸಿಗೂ ಏರಿಸಿಬಿಟ್ಟಿದ್ದಳು. ಕುರಿ ವ್ಯಾಪಾರಿಗಳು, ಬೀಗರು, ಬಿಜ್ಜರು ಎಲ್ಲ ಕೇಳಿದರು. ಲಗ್ನವಾಗದ ಹುಡುಗಿ ಒಡಪು ಹೇಳುವುದುಂಟೇ? ಹೇಳಿದಳು ಎಂದರೆ ಎಲ್ಲೋ ಗಂಡನಿದ್ದಾನೆ. ಹೆಸರು ಹೇಳಲಿಲ್ಲ ಎಂದರೆ ಮುಚ್ಚಿಡುವಂಥವನೇ ಇರಬೇಕು! ಭಾಲ್ಕಿಯಿಂದ ಅವಳ ಸೋದರಮಾವ ಅಪ್ಪನಿಗೆ ಫೋನ್ ಮಾಡಿ, "ಅಳಿಯ ಯಾರು ಭಾವ? ನಮಗೂ ಹೇಳಂಗಿಲ್ಲೇನು?" ಎಂದು ಕೇಳಿದನಂತೆ.

ಮರುದಿನ ಹುಡುಗಿ ಬರಲಿಲ್ಲ. ಅಪ್ಪ ಬಂದ. "ಸಾಲಿ ಸಾಕ್ರಿ ಸರ್, ನಮ್ಮ ಮರ್ಯಾದಿ ಬೀದಿಗೆ ಬಂತು," ಎಂದು ಪ್ರಿನ್ಸಿಪಾಲರ ಮುಂದೆ ಕೈಮುಗಿದು ಹೋದ. ಅವರು ನನ್ನ ಕಡೆ ತಿರುಗಿ, "ಗ್ರೂಪ್ ಬಂದ್ ಮಾಡ್ರಿ ಮೇಡಂ. ತಪ್ಪಾಯ್ತು ಅಂತ ಬರದು ಕೊಡ್ರಿ," ಎಂದರು.

"ಒಂದು ಹುಡುಗಿಗಿ ಪದ್ಯ ತಿಳೀತು ಸರ್. ಅದಕ್ಕ ಮಾಫಿ ಕೇಳಬೇಕೇನ್ರಿ? ಬರಿಯಂಗಿಲ್ಲ," ಎಂದು ಎದ್ದು ಬಂದೆ.

ಭಾನುವಾರ ನೇರ ಚಿಂತಾಕಿಗೆ ಹೋದೆ. ಅಪ್ಪ ಕಂಬಳಿ ಹಾಸಿದ. "ಕೂಡ್ರಿ ಮೇಡಂ, ಚಾ ಕುಡೀರಿ. ಸಾಲಿ ಮಾತು ಮಾತ್ರ ತೆಗೀಬ್ಯಾಡ್ರಿ," ಎಂದ. ನಾನು ತೆಗೆಯಲಿಕ್ಕೇ ಹೋದವಳು. ರಾಣಿಯ ಕತೆಯನ್ನು ಮೊದಲಿಂದ ಹೇಳಿದೆ. ಹುಡುಗಿ ಮೂಲೆಯಲ್ಲಿ ತಲೆ ಎತ್ತದೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

ಕತೆ ಮುಗಿದ ಮೇಲೆ ಅಪ್ಪ, "ನಿಮ್ಮ ಮಾತು ಖರೆ ಅದರಿ," ಎಂದ. "ಆದರ ಮಂದಿ ಬಾಯಿಗಿ ಹ್ಯಾಂಗ ಕೀಲಿ ಹಾಕ್ಲಿ? ಬರೋ ವಾರ ಭಾಲ್ಕಿಯೊಳಗ ಮದುವಿ ಅದ. ಎಲ್ಲರೂ ಇದನ್ನೇ ಕೇಳ್ತಾರ."

"ಮಂದಿ ಕೇಳ್ತಾರಂತನೇ ಆ ಅರಸನೂ ರಾಣಿನ್ನ ಹೊರಗ ಹಾಕಿದ್ರಿ," ಎಂದೆ. ಅವನ ಮುಖ ಕಪ್ಪಿಟ್ಟಿತು.

ರೊಟ್ಟಿಯ ಸಪ್ಪಳ ನಿಂತಿತ್ತು. ತಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಮಾತು ನನ್ನ ಜೊತೆಗಲ್ಲ, ಗಂಡನ ಜೊತೆಗೆ.

"ಮದುವ್ಯಾಗ ನನಗೂ ಕೇಳ್ತಾರ್ರಿ, ಒಡಪು ಹೇಳು ಅಂತ. ಮಗಳ ಸಾಲಿ ಬಿಡಿಸಿದ ಮ್ಯಾಗ ನಾ ಯಾವ ಬಾಯಿಲಿಂದ ನಿಮ್ಮ ಹೆಸರು ಹೇಳ್ಲಿ? ಒಡಪು ಹೇಳ್ತೇನಿ. ಹೆಸರು ಹೇಳಂಗಿಲ್ಲ. ಎಲ್ಲಾರ ಮುಂದ ಹೇಳಂಗಿಲ್ಲ."

ಅಪ್ಪ ಹೆಂಡತಿಯನ್ನು ಹೊಸದಾಗಿ ನೋಡಿದವನಂತೆ ನೋಡಿದ. ಆಮೇಲೆ ರುಮಾಲು ಹೆಗಲಿಗೆ ಹಾಕಿಕೊಂಡು ಕುರಿಹಟ್ಟಿಯ ಕಡೆ ನಡೆದ. ನಾನೂ ಚಹಾ ಮುಗಿಸಿ ಬಸ್ಸಿಗೆ ಎದ್ದೆ.

ಸೋಮವಾರ ಹುಡುಗಿ ಕ್ಲಾಸಿನಲ್ಲಿದ್ದಳು. ಏನು, ಹೇಗೆ ಎಂದು ನಾನು ಕೇಳಲಿಲ್ಲ. ಗ್ರೂಪ್ ಇನ್ನೂ ಇದೆ. ಆ ತಪ್ಪೊಪ್ಪಿಗೆ ಈವರೆಗೆ ಬರೆದಿಲ್ಲ, ಬರೆಯುವುದೂ ಇಲ್ಲ.

ಮದುವೆಯ ದಿನ ಭಾಲ್ಕಿಯಿಂದ ಹುಡುಗಿ ಗ್ರೂಪಿಗೊಂದು ರೆಕಾರ್ಡಿಂಗ್ ಹಾಕಿದಳು. ಹಿಂದೆ ಬ್ಯಾಂಡಿನ ಗದ್ದಲ, ಹೆಂಗಸರು "ಹೆಸರು, ಹೆಸರು" ಎಂದು ಕೂಗುತ್ತಿದ್ದರು. ತಾಯಿ ಒಡಪು ಶುರು ಮಾಡಿ, ಗಂಡನ ಹೆಸರು ಬರುವ ಕಡೆ ನಿಲ್ಲಿಸಿದಳು. ಗದ್ದಲದಲ್ಲಿ ಅಪ್ಪನ ದನಿ ಸಣ್ಣಗೆ ಕೇಳಿತು: "ಮಗಳು ನಾಳಿಗೂ ಕಾಲೇಜಿಗಿ ಹೋಗ್ತಾಳ, ಹೇಳು."

ಆಗ ಹೇಳಿದಳು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೇಳುವುದೂ ಬಿಡುವುದೂ ಆಕೆಗೆ ಸೇರಿದ್ದು.