ಅವ್ವನ ಕಾಲಿಗೆ ತಿಳಿಯುತ್ತಿದ್ದ ಗಾಳಿ

ಇವತ್ತು ಹಾಸನದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನ ಕಾರಿನ ಚಕ್ರದ ಪಕ್ಕ ಕೂತು, ಕೈಪಂಪು ಒತ್ತಿ ಒತ್ತಿ ಬ್ರೇಕ್ ಪೈಪಿಗೆ ಸೇರಿದ್ದ ಗಾಳಿ ಎಳೆಯುತ್ತಿದ್ದ. "ಒಬ್ನೇ ಸಾಕು ಮೇಡಂ, ಪೆಡಲ್ ತುಳಿಯೋರು ಬ್ಯಾಡ" ಎಂದ. ಬ್ರೇಕ್ ಆಯಿಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಚಿಕ್ಕ ಹುಡುಗಿಯಾಗಿ ಮಲ್ಲಿಪಟ್ಟಣದ ನಮ್ಮ ಅಂಗಳದಲ್ಲಿದ್ದೆ.

ಅಲ್ಲಿ ತುಳಿಯುತ್ತಿದ್ದವಳು ಅವ್ವ. ಅಪ್ಪ ಜೀಪಿನಡಿ ಮಲಗಿ "ತುಳಿ... ಇಡ್ಕೊ... ಬುಡು" ಅನ್ನುತ್ತಿದ್ದ. ಅವ್ವ ಸೀರೆ ಎತ್ತಿ ಕಟ್ಟಿ ಬರಿಗಾಲಲ್ಲಿ ತುಳಿಯುತ್ತಿದ್ದಳು. ಡ್ರೈವರ್ ಸೀಟು ಅವಳಿಗೆ ಸಿಗುತ್ತಿದ್ದದ್ದು ಆಗ ಮಾತ್ರ.

ಒಂದು ದಿನ ಕೆಲಸ ಮುಗಿದ ಮೇಲೆ ಅವಳು, "ಪೆಡಲ್ಲು ಇನ್ನೂ ಮೆತ್ತಗೈತೆ. ಗಾಳಿ ಓಗಿಲ್ಲ" ಎಂದಳು.

"ನಿಂಗೇನ್ ತಿಳೀತದೆ, ಇಳಿ ಕೆಳೀಕೆ" ಎಂದ ಅಪ್ಪ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ರಾಮನಾಥಪುರಕ್ಕೆ ಹೊರಟೇಬಿಟ್ಟ.

ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಅಪ್ಪ ಬ್ರೇಕ್ ತುಳಿದ. ಪೆಡಲ್ ನೆಲಕ್ಕೇ ಹೋಯಿತು. ಮತ್ತೆ ತುಳಿದ, ಮತ್ತೆ ನೆಲ. ಸ್ಟೀರಿಂಗ್ ತಿರುಗಿಸಿದ ರಭಸಕ್ಕೆ ಜೀಪು ರಸ್ತೆ ಪಕ್ಕದ ಹುಲ್ಲಿನ ಮೆದೆಗೆ ನುಗ್ಗಿ ನಿಂತಿತು. ಅಪ್ಪನ ತಲೆಯ ತುಂಬ ಹುಲ್ಲು. ಕೈ ಇನ್ನೂ ಸ್ಟೀರಿಂಗ್ ಬಿಟ್ಟಿರಲಿಲ್ಲ.

"ನಿಮ್ಮವ್ವ ಏಳಿದ್ಲು ಕಣವ್ವ" ಎಂದ.

ಮನೆಯಲ್ಲಿ ಅವಳ ಮುಂದೆ ಮಾತ್ರ ಆ ಮಾತು ಆಡಲಿಲ್ಲ. ಆದರೆ ಆಮೇಲೆ ಅವ್ವ ತುಳಿದು ನೋಡಿ "ಸರಿ" ಅನ್ನದೆ ಜೀಪು ಅಂಗಳ ಬಿಟ್ಟದ್ದಿಲ್ಲ.

"ಆಯ್ತು ಮೇಡಂ, ತಗಂಡೋಗಿ" ಎಂದ ಮೆಕ್ಯಾನಿಕ್.

ನಾನು ಸೀಟಿನಲ್ಲಿ ಕೂತು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ತುಳಿದೆ.

ಮೆತ್ತಗಿತ್ತು.