ಕೈಯಮ್ಮನ ಹತ್ತು ನಿಮಿಷದ ಕೋಳಿ

ಅಡುಗೆ ವಿಡಿಯೋಗಳಲ್ಲಿ ಕಾಣುತ್ತಿದ್ದುದು ಅವಳ ಕೈ ಮಾತ್ರ. ಮುಖ, ಮಾತು, ನಗು ಎಲ್ಲ ನಿರೂಪಕಿಯದು. ಹಾಗಾಗಿ ಸ್ಟುಡಿಯೋದವರ ಬಾಯಲ್ಲಿ ಅವಳು ಕೈಯಮ್ಮ. ಹಿಂದೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳ ಕೈಗುಣಕ್ಕೆ ಜನ ಸಾಲು ನಿಲ್ಲುತ್ತಿದ್ದರು. ಇಲ್ಲಿ ಅವಳು ಮಾಡಿದ್ದನ್ನು ನಾಯಿಯೂ ಮೂಸುವಂತಿರಲಿಲ್ಲ.

ಒಂದೇ ಬಾಣಲೆ, ಕೋಳಿ, ತರಕಾರಿ, ಹತ್ತೇ ನಿಮಿಷ, ಆರೋಗ್ಯಕ್ಕೂ ಹಿತ ಎಂಬ ಸರಣಿ ಅದು. ಕೋಳಿ ಪೂರ್ತಿ ಬೆಂದರೆ ಸುಕ್ಕುಗಟ್ಟುತ್ತದೆ, ಕ್ಯಾಮೆರಾಗೆ ಒಪ್ಪುವುದಿಲ್ಲ. ಅದಕ್ಕೆ ತುಂಡುಗಳ ಮೈಯನ್ನಷ್ಟೇ ಬಿಸಿ ಮಾಡಿ, ಬ್ರಷ್ಷಿನಲ್ಲಿ ಕಂದು ಬಣ್ಣ ಬಳಿದು, ಹೊಳಪಿಗೆಂದು ಮೇಲೆ ಗ್ಲಿಸರಿನ್ ಸವರಬೇಕು. ಬಾಣಲೆಯ ಹಿಂದೆ ಬಿಸಿನೀರಲ್ಲಿ ಅದ್ದಿದ ಹತ್ತಿ ಇಟ್ಟರೆ ಆವಿಯೂ ಸಿದ್ಧ. ದೀಪಗಳ ಕಾವಿಗೆ ಮಧ್ಯಾಹ್ನದ ಹೊತ್ತಿಗೆ ಹಸಿ ಮಾಂಸ ಲೋಳೆಯಾಗಿ, ಅದರ ನಾತ ಗಂಟಲಲ್ಲೇ ಬಂದು ಕೂರುತ್ತಿತ್ತು. ನಿರೂಪಕಿ ಒಂದು ತುಂಡಿನ ತುದಿ ಕಚ್ಚಿ, ಕಣ್ಣು ಮುಚ್ಚಿ "ಆಹಾ" ಎನ್ನುವಳು. ಕ್ಯಾಮೆರಾ ನಿಂತೊಡನೆ ಕಾಗದದ ಲೋಟಕ್ಕೆ ಉಗಿಯುವಳು. ಆ ಲೋಟ ಎತ್ತುವುದೂ ಕೈಯಮ್ಮನೇ.

ಹೊಟ್ಟೆಪಾಡೆಂದು ಸಹಿಸಿಕೊಂಡಿದ್ದಳು, ಜ್ವರದಿಂದ ಆಸ್ಪತ್ರೆ ಸೇರಿ ಆಗಷ್ಟೇ ಮನೆಗೆ ಬಂದಿದ್ದ ತಂಗಿ ಫೋನ್ ಮಾಡುವವರೆಗೆ.

"ಅಕ್ಕಾ, ರಾತ್ರಿಯಿಂದ ಒಂದೇ ಸಮನೆ ವಾಂತಿ."

"ಏನ್ ತಿಂದೆ?"

"ನಿನ್ ವಿಡಿಯೋ ನೋಡಿ ಮಾಡ್ದ ಕೋಳಿನೇ. ಒಳಗೆ ಕೆಂಪಗಿತ್ತು. ನಿನ್ ಕೈ ಸುಳ್ಳು ಹೇಳುತ್ತಾ ಅಂತ ತಿಂದ್ಬಿಟ್ಟೆ."

ಅಂದು ನೇರ ಪ್ರಸಾರವಿತ್ತು. ಶುರುವಾಗುವ ಮುನ್ನ ನಿರ್ದೇಶಕನ ಹತ್ತಿರ ಹೋದಳು. "ಸಾರ್, ಪೂರ್ತಿ ಬೇಯಿಸಿ ಅಂತ ಒಂದು ಮಾತು ಹಾಕಿ. ಜನ ಹಸೀದು ತಿಂತಿದ್ದಾರೆ."

"ಹತ್ತು ನಿಮಿಷ ಅಂದ್ರೇನೇ ನೋಡೋದು ಅವರು. ನೀನು ಬಣ್ಣ ಹಚ್ಚು ತಾಯಿ."

ಹಚ್ಚಿದಳು. ಪ್ರಸಾರ ಶುರುವಾಯಿತು. ತುಂಡನ್ನು ಹಾಗೇ ತಟ್ಟೆಗೆ ಎತ್ತಿಡಬೇಕಿತ್ತು. ಅವಳು ಚಾಕು ತೆಗೆದುಕೊಂಡು ನಡುವೆ ಸೀಳಿ, ಎರಡು ಹೋಳನ್ನೂ ಕ್ಯಾಮೆರಾದತ್ತ ಹಿಡಿದಳು. ಹೊರಗೆ ಹೊಳೆಯುವ ಕಂದು, ಒಳಗೆ ನಸುಗೆಂಪು ಹಸಿಮಾಂಸ, ಬೆರಳ ಸಂದಿಯಲ್ಲಿ ಇಳಿಯುವ ರಕ್ತದ ನೀರು. "ಆಹಾ" ಎನ್ನಲು ತೆರೆದ ಬಾಯಿಗೆ ಅಂಗೈ ಅಡ್ಡ ಹಿಡಿದು ನಿರೂಪಕಿ ಬಚ್ಚಲಿಗೆ ಓಡಿದಳು.

"ಕೈ ಕೊಟ್ಟುಬಿಟ್ಟೆಯಲ್ಲಮ್ಮ," ಎಂದ ನಿರ್ದೇಶಕ.

"ಇಷ್ಟ್ ದಿನ ಕೊಟ್ಟಿದ್ದೂ ಅದನ್ನೇ ಅಲ್ವಾ ಸಾರ್?"

ನಾಳೆಯಿಂದ ಬರಬೇಡ ಎಂದರು. ಏಪ್ರನ್ ಬಿಚ್ಚಿಟ್ಟು ಬಂದಳು.

ತಂಗಿ ಚೇತರಿಸಿಕೊಂಡ ಮೇಲೆ ಅವಳ ಮನೆಯಲ್ಲಿ ಅದೇ ಅಡುಗೆಗೆ ಇಳಿದಳು: ಈರುಳ್ಳಿ, ಕೋಳಿ, ಕ್ಯಾರೆಟ್ಟು, ಬೀನ್ಸು, ಮೇಲೊಂದು ಮುಚ್ಚಳ.

"ಹತ್ತು ನಿಮಿಷ ಆಯ್ತಲ್ಲಕ್ಕಾ?"

ಕೈಯಮ್ಮ ಒಂದು ತುಂಡು ಸೀಳಿ ನೋಡಿ, ಮತ್ತೆ ಮುಚ್ಚಳ ಹಾಕಿದಳು. "ಬೇಯೋ ತನಕ ಸುಮ್ನೆ ಕೂತ್ಕೋ."

ಬೆಂದ ಮೇಲೆ ತಂಗಿ ಎರಡು ಸಲ ಬಡಿಸಿಕೊಂಡಳು. ಕೈಯಮ್ಮನಿಗೆ ತಿನ್ನಲಾಗಲಿಲ್ಲ. ನಿಂಬೆ ಸಿಪ್ಪೆ ಉಜ್ಜಿ ತೊಳೆದರೂ ತುತ್ತೆತ್ತಿದಾಗಲೆಲ್ಲ ಬೆರಳಿನಿಂದ ಸ್ಟುಡಿಯೋದ ಅದೇ ಬಣ್ಣದ, ಹಸಿ ಮಾಂಸದ ನಾತ ಬರುತ್ತಿತ್ತು.